ಆಷಾಢದ ರೋಲು

ಮರಳು ಆಗ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು ಎಂದು ಮೊದಲ ವಾಕ್ಯ ಬರೆದು ಹೊಡೆದುಹಾಕಿದ್ದೇನೆ. ಕ್ಯಾಮೆರಾದಲ್ಲಿದ್ದದ್ದು ಕಪ್ಪು ಬಿಳುಪು ರೋಲು. ಕಣ್ಣಿಗೆ ಬಣ್ಣ ಕಂಡಿರಬಹುದು. ಆದರೆ ಆ ಕಿತ್ತಳೆ ನಾನು ಅಲ್ಲಿಯೇ ಕಂಡದ್ದೋ, ಆಮೇಲೆ ಯಾವುದೋ ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಮರಳುಗಾಡಿನ ಚಿತ್ರ ನೋಡಿ ನನ್ನ ಸಂಜೆಗೆ ಬಳಿದುಕೊಂಡದ್ದೋ, ಹೇಳಲಾರೆ. ಅನುಮಾನವಿಲ್ಲದೆ ಹೇಳಬಹುದಾದದ್ದು ಒಂದೇ: ಹಲ್ಲಿನ ಸಂದಿಯಲ್ಲಿ ಮರಳು ಕರಕರ ಎನ್ನುತ್ತಿತ್ತು. ಆಡಿದ ಪ್ರತಿ ಮಾತಿನ ಜೊತೆಗೂ ಅದು ಅರೆಯುತ್ತಿತ್ತು. ಅಲ್ಲಿಂದ ಶುರುಮಾಡುತ್ತೇನೆ.

ಪರಶುರಾಂಪುರ ದಾಟಿ ಸ್ವಲ್ಪ ನಡೆದರೆ ವೇದಾವತಿ. ನಮ್ಮ ಕಡೆಯವರ ಬಾಯಲ್ಲಿ ಹಗರಿ. ಹೊಳೆ ಎಂದರೆ ನಮಗೆ ನೀರಿಗಿಂತ ಮೊದಲು ಮರಳು ನೆನಪಾಗುತ್ತಿತ್ತು. ಅಷ್ಟು ಅಗಲದ ಪಾತ್ರ, ಅದರ ತುಂಬ ಬರೀ ಮರಳು. ಆಷಾಢದ ಪಡುವಣ ಗಾಳಿ ಅದನ್ನು ಎಬ್ಬಿಸಿ, ಹೊತ್ತು ತಂದು, ಮೂಡಣ ದಂಡೆಯ ಜಾಲಿ ಗಿಡಗಳ ಬುಡಕ್ಕೆ ಸುರಿಯುತ್ತಿತ್ತು. ಸುರಿದು ಸುರಿದು ಅಲ್ಲಿ ದಿಬ್ಬಗಳಾಗಿದ್ದವು. ದೊಡ್ಡವೇನಲ್ಲ. ಒಂದೆರಡು ಆಳೆತ್ತರ ಇದ್ದಾವು. ನೆನಪಿನಲ್ಲಿ ಅವು ವರ್ಷ ವರ್ಷ ಬೆಳೆಯುತ್ತಿವೆ, ಅದಕ್ಕೇ ಈಗಲೇ ಅಳತೆ ಬರೆದಿಡುತ್ತಿದ್ದೇನೆ.

ಅಲ್ಲಿಗೆ ಹೋದವರು ಇಬ್ಬರು, ನಾನು ಮತ್ತು ನನ್ನ ಗೆಳೆಯ. ತೊಂಬತ್ತರ ದಶಕ ಮುಗಿಯುವ ಹೊತ್ತು. ಅವನು ಚಳ್ಳಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಅವನ ಅಪ್ಪ ತೆರೆದಿದ್ದ ಸ್ಟುಡಿಯೋ, ಅಪ್ಪ ತೀರಿಕೊಂಡ ಮೇಲೆ ಇವನು ನಡೆಸುತ್ತಿದ್ದ. ನಮ್ಮದು ಶೇಂಗಾ ಮಂಡಿ. ಮಂಡಿಯ ಧೂಳು, ಧಾರಣೆಯ ಮಾತು ಸಾಕಾದಾಗ ನಾನು ಅವನ ಬೆಂಚಿಗೆ ಹೋಗಿ ಕೂರುತ್ತಿದ್ದೆ. ನನಗೆ ಫೋಟೋ ಹುಚ್ಚು, ಆದರೆ ಮನುಷ್ಯರದ್ದಲ್ಲ. ಸುಣ್ಣ ಎದ್ದ ಗೋಡೆ, ಅರ್ಧ ತೆರೆದ ಬಾಗಿಲು, ತಗಡಿನ ನೆರಳು. ಮುಖ ಇಲ್ಲದ ಫೋಟೋನ ಯಾವನಿಗೆ ಕೊಡ್ತೀಯಲೇ ಎಂದು ಅವನು ಛೇಡಿಸುತ್ತಿದ್ದ. ಸುಂದರವಾಗಿ ಬಂದದ್ದು ಸುಳ್ಳು ಎಂದು ಆಗಲೇ ನಂಬಿದ್ದ ನಾನು, ಅವನ ಗೋಡೆಯ ಮೇಲಿದ್ದ ಮದುಮಕ್ಕಳನ್ನೆಲ್ಲ ಸುಳ್ಳುಗಾರರು ಎನ್ನುತ್ತಿದ್ದೆ.

ಅವನಪ್ಪ ಬಿಟ್ಟುಹೋದದ್ದು ಒಂದು ಹಳೆಯ ಕ್ಯಾಮೆರಾ, ಒಂದು ನೇಮ. ಖಾಲಿ ಫ್ರೇಮುಗಳಿರುವ ರೋಲನ್ನು ತೊಳೆಯಬಾರದು. ತೊಳೆದರೆ ಅಂಗಡಿಯ ಬರ್ಕತ್, ಅಂದರೆ ಏಳಿಗೆ, ಹೋಗುತ್ತದೆ. ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರು ಎಷ್ಟೇ ಅವಸರ ಮಾಡಲಿ, ರೋಲು ತುಂಬುವ ತನಕ ಕಾಯಬೇಕು. ಊರಿನವರಿಗೂ ಇದು ರೂಢಿಯಾಗಿತ್ತು. ರೋಲ್ ತುಂಬ್ತಾ ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದರು.

ಆ ಆಷಾಢದಲ್ಲಿ ರೋಲು ತುಂಬಲಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೆಣ್ಣು ತೋರಿಸುವ ಫೋಟೋ ತೆಗೆಸುವವರೂ ಇಲ್ಲ. ಗಾಳಿಗೆ ಬೋರ್ಡು ಬಡಿದುಕೊಳ್ಳುವ ಸದ್ದು ಬಿಟ್ಟರೆ ಅಂಗಡಿಯಲ್ಲಿ ಸದ್ದಿಲ್ಲ. ಆದರೆ ಆ ರೋಲಿನ ಮೊದಲ ಫ್ರೇಮಿನಲ್ಲಿ ಅವನ ತಾಯಿ ಇದ್ದರು.

ಅವರನ್ನು ನಾನೂ ಅಮ್ಮಿ ಎಂದೇ ಕರೆಯುತ್ತಿದ್ದೆ. ಚಳ್ಳಕೆರೆಯ ಅರ್ಧ ಊರಿನ ಮುಖಗಳನ್ನು ತೆಗೆದ ಮನೆಯಲ್ಲಿ ಅಮ್ಮಿಯದೊಂದು ಫೋಟೋ ಇರಲಿಲ್ಲ. ಗಂಡ ಬೇಡಿಕೊಂಡರೂ ಕೂತವರಲ್ಲವಂತೆ. ದೇವರು ಕೊಟ್ಟ ಮುಖದ ನಕಲು ಯಾಕೆ ಎನ್ನುವುದು ಅವರ ಮಾತು. ಅದರಲ್ಲಿ ಜಗಳವಿರಲಿಲ್ಲ, ಗಂಡನ ಕಸುಬಿನ ಬಗ್ಗೆ ತಾತ್ಸಾರವೂ ಇರಲಿಲ್ಲ. ತನಗೆ ಬೇಡ, ಅಷ್ಟೆ. ಈಗ ಅವರ ತಮ್ಮ, ನಾವು ಮಾಮು ಎನ್ನುತ್ತಿದ್ದ ಲಾರಿ ಮೆಕ್ಯಾನಿಕ್, ಹಜ್ ಯಾತ್ರೆಗೆ ಹೊರಟಿದ್ದರು, ಅಕ್ಕನನ್ನೂ ಕರೆದೊಯ್ಯುತ್ತೇನೆ ಎಂದಿದ್ದರು. ಅರ್ಜಿಗೆ ಫೋಟೋ ಬೇಕು. ಅಮ್ಮಿ ಬಹಳ ದಿನ ಯೋಚಿಸಿದರು. ಕೊನೆಗೆ ಒಂದು ಬೆಳಿಗ್ಗೆ, ಅಂಗಡಿ ಸಾಲು ತೆರೆಯುವ ಮುಂಚೆ, ಬಿಳಿ ದುಪಟ್ಟಾ ಹೊದ್ದು ಸ್ಟುಡಿಯೋಗೆ ಬಂದರು. ಮಗ ಹೊಸ ರೋಲು ಹಾಕಿ, ಬಿಸ್ಮಿಲ್ಲಾ ಎಂದು ಕ್ಯಾಮೆರಾ ಎತ್ತಿದ. ದೀಪದ ಸ್ಟ್ಯಾಂಡು ಹಿಡಿದು ನಿಂತಿದ್ದವನು ನಾನು. ಅಮ್ಮಿ ಲೆನ್ಸನ್ನು ನೋಡದೆ ನನ್ನನ್ನು ನೋಡಿ ಹೇಳಿದರು:

"ಬುಲಾವಾ ಬಂದೋರು ಮಾತ್ರ ಅಲ್ಲಿಗೆ ಹೋಗೋದು ಬೇಟಾ. ಒಂದ್ಸಲ ಕೂಡ್ತೀನಿ. ಈ ಫೋಟೋ ಬಂತು ಅಂದ್ರೆ ನನಗೂ ಬಂದೈತೆ. ಬರ್ಲಿಲ್ಲ ಅಂದ್ರೆ ಇಲ್ಲ. ಇನ್ನೊಂದ್ಸಲ ಕೂಡು ಅನ್ನಬ್ಯಾಡ್ರಿ."

ಬುಲಾವಾ ಎಂದರೆ ಕರೆ. ಅಲ್ಲಿಂದ ಕರೆ ಬರದೆ ಯಾರೂ ಹಜ್‌ಗೆ ಹೋಗಲಾರರು, ಹಣವಿದ್ದರೂ ಆರೋಗ್ಯವಿದ್ದರೂ ಆಗದು ಎಂದು ಅವರ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಮಗ ಒಂದು ಫೋಟೋ ತೆಗೆದ. ಇರಲಿ ಎಂದು ಎರಡನೆಯದಕ್ಕೆ ಲೀವರ್ ಎಳೆದು ಒತ್ತುವಷ್ಟರಲ್ಲಿ ಸ್ಟೂಲು ಖಾಲಿಯಾಗಿತ್ತು. ಅಮ್ಮಿ ಅದೇ ವಾರ ಮೊಳಕಾಲ್ಮೂರಿಗೆ, ಮಗಳ ಮನೆಗೆ ಹೋದರು.

ಆಮೇಲೆ ಒಬ್ಬಿಬ್ಬರು ಕಾಲೇಜು ಹುಡುಗರು, ಒಬ್ಬ ಲೈಸೆನ್ಸಿನವನು. ಅಷ್ಟಕ್ಕೆ ರೋಲು ನಿಂತಿತು. ಮಾಮು ಬೆಂಗಳೂರಿಗೆ ಅರ್ಜಿ ಒಯ್ಯುವ ದಿನ ಹತ್ತಿರ ಬಂತು. ಉಳಿದದ್ದನ್ನು ಬಿಟ್ಟು ತೊಳೆದುಬಿಡು ಎಂದರೆ ಗೆಳೆಯ ಕೇಳಲಿಲ್ಲ. ಬೇರೆ ಯಾವ ರೋಲಾದರೂ ತೊಳೆದೇನು, ಅಮ್ಮಿ ಇರುವ ರೋಲಿಗೆ ಅಪ್ಪನ ನೇಮ ಮುರಿಯಲಾ ಎಂದ. ಹಾಗಾದರೆ ತುಂಬಿಸೋಣ ಎಂದೆ ನಾನು. ಆ ಗಾಳಿ ಕಾಲದಲ್ಲಿ ಹಗರಿಯ ದಿಬ್ಬಗಳನ್ನು ಹೊತ್ತು ಮುಳುಗುವಾಗ ತೆಗೆಯಬೇಕೆಂದು ನಾನು ಹಿಂದಿನ ವರ್ಷದಿಂದ ಅವನ ತಲೆ ತಿನ್ನುತ್ತಿದ್ದೆ. ಎರಡೂ ಕೆಲಸ ಒಟ್ಟಿಗೆ ಆಗುತ್ತಿತ್ತು.

ಹೊರಡುವಾಗ ನಮ್ಮವ್ವ ಕರಿ ಕಂಬಳಿ ತಂದು ಹೆಗಲಿಗೆ ಹಾಕಿದಳು. ಗಾಳಿ ಐತೆ, ಕಿವಿ ಮುಚ್ಕೋ ಎಂದಳು. ಚಳ್ಳಕೆರೆಯ ಕಂಬಳಿ ಗೊತ್ತಿದ್ದವರಿಗೆ ಗೊತ್ತು: ಮಡಿಸಿದರೆ ಮೂಟೆ, ಹೊದ್ದರೆ ಮನೆ. ಆ ವಯಸ್ಸಿನಲ್ಲಿ ಕಂಬಳಿ ಹೊತ್ತು ಓಡಾಡಲು ನನಗೆ ನಾಚಿಕೆ. ಆದರೂ ಒಯ್ದೆ. ಮರಳಿನ ಮೇಲೆ ಹಾಸಿ ಮಲಗಿ ಫೋಟೋ ತೆಗೆಯಬಹುದು ಎಂಬ ಲೆಕ್ಕವಿತ್ತು.

ದಿಬ್ಬಗಳ ಬಗ್ಗೆ ಈಗ ಹೇಳಬೇಕು. ಹೇಳುವುದೇ ಕಷ್ಟ, ಯಾಕೆಂದರೆ ಸಾಕ್ಷಿ ಇಲ್ಲ. ಹೊತ್ತು ಇಳಿದಂತೆ ದಿಬ್ಬದ ಬೆನ್ನಿನ ಮೇಲೆ ಚಾಕುವಿನಲ್ಲಿ ಕೊಯ್ದಂತೆ ಒಂದು ಗೆರೆ ಮೂಡಿತು. ಗೆರೆಯ ಈಚೆ ಬೆಳಕು, ಆಚೆ ಕತ್ತಲು. ಗಾಳಿ ಆ ಗೆರೆಯಿಂದಲೇ ಮರಳನ್ನು ಎಳೆ ಎಳೆಯಾಗಿ ಬಿಡಿಸಿ ಹಾರಿಸುತ್ತಿತ್ತು. ಕೆಳಗಿನ ಇಳಿಜಾರಿನಲ್ಲಿ ಅಲೆ ಅಲೆ, ಅಲೆಗಳ ಮೇಲೆ ಯಾವುದೋ ಓತಿಕ್ಯಾತ ಓಡಿದ ಹೊಲಿಗೆ. ನಾನು ಕಂಬಳಿಯ ಮೇಲೆ ಬೋರಲು ಮಲಗಿ ಒಂದೊಂದೇ ತೆಗೆದೆ. ಒಂದು ತೆಗೆದು ತಲೆ ಎತ್ತುವಷ್ಟರಲ್ಲಿ ಗೆರೆ ಜರುಗಿರುತ್ತಿತ್ತು. ಗೆಳೆಯನೂ ತೆಗೆದ. ಅವನಿಗೆ ಮೊದಲು ಇದೆಲ್ಲ ತಮಾಷೆ. ಆಮೇಲೆ ಅವನೇ ಕ್ಯಾಮೆರಾ ಬಿಡಲಿಲ್ಲ. ಇದೇನ್ಲೇ, ಅಲುಗಾಡಬ್ಯಾಡ ಅಂದ್ರೂ ಅಲುಗಾಡ್ತೈತೆ, ಥೇಟ್ ಮದುಮಗಳ ತಮ್ಮ ಎಂದ.

ಇಷ್ಟು ಚೆನ್ನಾಗಿ ಬರೆಯುತ್ತಿದ್ದೇನೆ ಎಂದರೆ ಎಲ್ಲೋ ಸುಳ್ಳು ಸೇರಿದೆ. ಆ ಓತಿಕ್ಯಾತದ ಹೆಜ್ಜೆ ಆವತ್ತಿನದಲ್ಲ ಅನ್ನಿಸುತ್ತಿದೆ. ಇರಲಿ, ಮುಂದಿನದರಲ್ಲಿ ಸುಳ್ಳಿಗೆ ಜಾಗವಿಲ್ಲ.

ರೋಲು ಮುಗಿಯಿತು. ಮುಗಿದ ಮೇಲೂ ಒಂದೆರಡು ಫ್ರೇಮು ಎಳೆದರೆ ಬರುತ್ತವೆ ಎಂಬುದು ಸ್ಟುಡಿಯೋದವರ ಲೆಕ್ಕ. ಲೀವರ್ ಬಿಗಿಯಿತು. ಯಾರೋ ಜೋರಾಗಿ ಎಳೆದರು. ನನ್ನ ನೆನಪಿನಲ್ಲಿ ಎಳೆದವನು ಅವನು, ಅವನ ನೆನಪಿನಲ್ಲಿ ನಾನು. ಇಬ್ಬರೂ ಆಣೆ ಮಾಡಬಲ್ಲೆವು. ಲೀವರ್ ಬಂತು. ಬೆಳಕು ಆಗಷ್ಟೇ ಇನ್ನೂ ಕೆಳಗಿಳಿದು, ಹಿಂದಿನದೆಲ್ಲ ಬರೀ ತಯಾರಿ ಎನ್ನುವಂತೆ ದಿಬ್ಬಗಳನ್ನು ಬೆಳಗಲು ಶುರುಮಾಡಿತ್ತು. ಅವನ ಜೇಬಿನಲ್ಲಿ ಇನ್ನೊಂದು ರೋಲಿತ್ತು. ಬದಲಾಯಿಸು ಬೇಗ ಎಂದೆ. ಅವನು ಫಿಲ್ಮನ್ನು ಡಬ್ಬಿಯೊಳಕ್ಕೆ ಮರಳಿ ಸುತ್ತುವ ಗುಂಡಿ ತಿರುಗಿಸಿದ. ಅದು ಸಲೀಸಾಗಿ ತಿರುಗಿತು. ರೋಲು ಪೂರ್ತಿ ಸುತ್ತಿಕೊಂಡಾಗ ಹೇಗೆ ಹಗುರಾಗಿ ತಿರುಗುತ್ತದೋ ಹಾಗೆ. ಇಷ್ಟು ಬೇಗ ಆಯ್ತಲ್ಲ ಎಂದು ಅವನಿಗೆ ಅನ್ನಿಸಿತಂತೆ. ಆದರೆ ಬೆಳಕು ಓಡುತ್ತಿತ್ತು. ಹಿಂಬದಿಯ ಬಾಗಿಲು ತೆರೆದ.

ಒಳಗೆ ಫಿಲ್ಮು ಹಾಗೇ ಇತ್ತು. ಎಳೆದ ರಭಸಕ್ಕೆ ಅದರ ಕೊನೆ ಡಬ್ಬಿಯಿಂದ ಕಿತ್ತುಬಂದಿತ್ತು. ಡಬ್ಬಿ ಖಾಲಿ, ಇಡೀ ರೋಲು ಈಚೆ ಬದಿಯ ಉರುಳೆಗೆ ಸುತ್ತಿಕೊಂಡು, ಬಯಲ ಬೆಳಕಿನಲ್ಲಿ ಮಿರುಗುತ್ತಿತ್ತು. ಬೆಳಕು ತಾಗಿದ ಫಿಲ್ಮಿನಲ್ಲಿ ಫೋಟೋ ಉಳಿಯುವುದಿಲ್ಲ. ಅವನು ತಟ್ಟನೆ ಮುಚ್ಚಿದ. ತೆರೆದಿದ್ದದ್ದು ಉಸಿರು ಎಳೆದು ಬಿಡುವಷ್ಟು ಹೊತ್ತು ಇದ್ದೀತು.

"ಅಮ್ಮಿ" ಎಂದ.

ಮುಚ್ಚಿದ ಬಾಗಿಲು ಕಚ್ಚಿಕೊಳ್ಳಲಿಲ್ಲ. ಕೊಂಡಿಗೆ ಮರಳು ಹೊಕ್ಕಿತ್ತು. ಒತ್ತಿದರೆ ಮುಚ್ಚುತ್ತದೆ, ಬಿಟ್ಟರೆ ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ಅವನು ಎರಡೂ ಅಂಗೈಯಲ್ಲಿ ಅದುಮಿ ಹಿಡಿದ, ನಾನು ಕಂಬಳಿ ಕೊಡವಿ ಅವನ ಕೈಗಳ ಸಮೇತ ಸುತ್ತಿದೆ. ಸುತ್ತಿ, ಒಳಗೆ ನನ್ನ ಕೈ ತೂರಿಸಿ, ಅವನ ಹೆಬ್ಬೆರಳಿದ್ದಲ್ಲಿ ನನ್ನ ಹೆಬ್ಬೆರಳಿಟ್ಟು ತೆಗೆದುಕೊಂಡೆ. ನಮ್ಮ ಬೆನ್ನ ಹಿಂದೆ ಆ ಹೊತ್ತು ಹೇಗೆ ಮುಳುಗಿತೋ ಗೊತ್ತಿಲ್ಲ. ಅದನ್ನು ನೋಡಲೆಂದೇ ಹೋಗಿದ್ದ ನಾವು ತಿರುಗಿ ನೋಡದೆ ರಸ್ತೆಯ ಕಡೆ ನಡೆದೆವು.

ದಾರಿಯಲ್ಲಿ ಅವನು ಮಾತಾಡಿದ್ದು ಕಡಿಮೆ. ಆಡಿದ್ದೆಲ್ಲ ಅಮ್ಮಿಯ ಬಗ್ಗೆಯೇ. ಫೋಟೋ ಹೋಯಿತೆಂದರೆ ಅಮ್ಮಿ ಅಳುವುದಿಲ್ಲ, ಬೈಯುವುದಿಲ್ಲ, ಸರಿ ಎಂದು ಒಳಗೆ ಹೋಗಿ ಅಕ್ಕಿ ಆರಿಸುತ್ತಾರೆ. ಅಷ್ಟಕ್ಕೆ ಹಜ್‌ನ ಮಾತು ಮುಗಿಯುತ್ತದೆ, ಇನ್ನು ಯಾರು ಹೇಳಿದರೂ ಎತ್ತುವುದಿಲ್ಲ. ಇನ್ನೊಂದು ಫೋಟೋ ತೆಗೆಯುವುದು ದೊಡ್ಡ ಮಾತಲ್ಲ, ಅವರನ್ನು ಇನ್ನೊಮ್ಮೆ ಕೂರಿಸುವುದು ಆಗದ ಮಾತು. ನಾನು ಸಮಾಧಾನ ಹೇಳಲು ಹೋದೆ. ಹಲ್ಲಲ್ಲಿ ಮರಳು ಕರಕರ ಎಂದಿತು, ಉಗುಳಿ ನಡೆದೆ.

ಪರಶುರಾಂಪುರದಲ್ಲಿ ಬಸ್ಸು ಸಿಕ್ಕಿತು. ಕಂಬಳಿಯ ಗಂಟು ಎದೆಗೆ ಒತ್ತಿ ಕೂತೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಕಾಲ ಕೆಳಗೆ ಬದನೆಕಾಯಿ ಬುಟ್ಟಿ. ಗಂಟನ್ನು ನೋಡಿದಳು, ನನ್ನ ಮುಖ ನೋಡಿದಳು.

"ಮರಿ ಏನಪ್ಪಾ?"

ನಮ್ಮ ಕಡೆ ಕುರಿ ಕಾಯುವವರು ಆಗ ತಾನೆ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಹೀಗೇ ಎದೆಗವಚಿ ಒಯ್ಯುತ್ತಾರೆ. ನಾನು ಹೂಂ ಎಂದುಬಿಟ್ಟೆ. ಅದು ದೊಡ್ಡ ತಪ್ಪಾಯಿತು. ಮರಿಗೆ ಉಸಿರುಕಟ್ಟುತ್ತದೆ, ಮೂತಿಗೆ ಗಾಳಿ ಆಡಲಿ ಎಂದು ಅವಳು ಕಂಬಳಿಯ ಅಂಚು ಎತ್ತಲು ಕೈ ಹಾಕಿದಳು. ಬಸ್ಸಿನೊಳಗೆ ದೀಪ ಉರಿಯುತ್ತಿತ್ತು.

"ಬ್ಯಾಡವ್ವಾ, ಬೆಳಕು ಬಿದ್ರೆ ಸತ್ತೋಗ್ತೈತೆ" ಎಂದ ಗೆಳೆಯ, ಹಿಂದಿನ ಸೀಟಿನಿಂದ ಬಗ್ಗಿ.

"ಅದ್ಯಾವ ಸೀಮೆ ರೋಗನಪ್ಪಾ?"

ಕಣ್ಣಿನ ರೋಗ ಎಂದ ಅವನು. ಅಜ್ಜಿ ಬೇವಿನೆಣ್ಣೆ ಹೇಳಿದಳು, ಹಾಲಿಗೆ ಅರಿಶಿನ ಹೇಳಿದಳು. ಕಂಡಕ್ಟರ್ ಬಂದು, ಮರಿಗೆ ಅರ್ಧ ಟಿಕೆಟ್ ಹರೀಲೇನು ಎಂದು ನಗೆಯಾಡಿದ. ಆಮೇಲೆ ಅಜ್ಜಿ ಮುಂದಿನ ಸೀಟಿನ ಹೆಂಗಸಿಗೆ ತೆಲುಗಿನಲ್ಲಿ ಏನೋ ಹೇಳಿ ನಮ್ಮಿಬ್ಬರನ್ನೂ ನೋಡಿದಳು. ಗೆಳೆಯನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಪೇಟೆ ಹುಡುಗರು ಮರಿ ಕದ್ದಿದ್ದಾರೆ, ಅದಕ್ಕೇ ಬೆವರುತ್ತಿದ್ದಾರೆ ಅಂದಳಂತೆ. ದಿಬ್ಬ ಬಿಟ್ಟ ಮೇಲೆ ಅವನು ಮೊದಲ ಸಲ ನಕ್ಕ. ನಾನು ನಗಲಿಲ್ಲ. ನಕ್ಕರೆ ಹೆಬ್ಬೆರಳು ಸಡಿಲವಾಗುವ ಭಯ.

ಚಳ್ಳಕೆರೆಯಲ್ಲಿ ಇಳಿದಾಗ ಕರೆಂಟು ಹೋಗಿತ್ತು. ಊರಿಗೆ ಊರೇ ಕತ್ತಲೆ. ಒಳ್ಳೇದೇ ಆಯ್ತು ಎಂದ. ಸ್ಟುಡಿಯೋದ ಹಿಂದೆ ಒಂದು ಗೂಡಿನಂಥ ಡಾರ್ಕ್‌ರೂಮು. ಒಳಗೆ ಹೋಗಿ ಬಾಗಿಲ ಸಂದಿಗೆ ಅದೇ ಕಂಬಳಿ ತುರುಕಿದೆವು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಅವನು ಕ್ಯಾಮೆರಾ ತೆಗೆದುಕೊಂಡ. ಫಿಲ್ಮು ಬಿಚ್ಚುವ ಸದ್ದು, ಒಣಗಿದ ಮುತ್ತುಗದೆಲೆ ಸರಿದಂತೆ.

"ಮರಳೈತೆ ಕಣ್ಲೇ, ಕೈಗೆ ಸಿಗ್ತೈತೆ" ಎಂದ ಕತ್ತಲೆಯಲ್ಲಿ.

ಆಮೇಲೆ ಏನೋ ಜಪಿಸುತ್ತ ಫಿಲ್ಮನ್ನು ತೊಳೆಯುವ ಡಬ್ಬಿಯೊಳಗೆ ಕೂರಿಸಿದ. ಮುಚ್ಚಳ ಬಿದ್ದ ಮೇಲೆ ಮೇಣದ ಬತ್ತಿ ಹಚ್ಚಿದೆವು. ಅವನು ಔಷಧ ಸುರಿದು ಡಬ್ಬಿ ಅಲ್ಲಾಡಿಸುತ್ತಿದ್ದ. ನಾನು ಗೋಡೆಗೆ ಒರಗಿ ಕೂತಿದ್ದೆ. ಆ ಹೊತ್ತಿನಲ್ಲಿ ಬೇಡಿಕೊಂಡೆನೇ? ನಮ್ಮ ದೇವರನ್ನೋ, ಅವರ ದೇವರನ್ನೋ? ಬೇಡಿಕೊಂಡಿದ್ದೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನಿಜವಾಗಿ ನೆನಪಿರುವುದು, ಹೆಬ್ಬೆರಳು ಮಡಚಿದ್ದು ಹಾಗೇ ಮರಗಟ್ಟಿ ನೆಟ್ಟಗಾಗದೆ, ಅದನ್ನು ಇನ್ನೊಂದು ಕೈಯಲ್ಲಿ ತೀಡುತ್ತಿದ್ದದ್ದು.

ನೀರಿನಲ್ಲಿ ತೊಳೆದು ಫಿಲ್ಮನ್ನು ಎತ್ತಿ ಹಿಡಿದ. ಹನಿ ತೊಟ್ಟಿಕ್ಕುತ್ತಿತ್ತು. ಮೊದಲು ಕಂಡ ತುದಿ ಇದ್ದಿಲು. ಬೆಳಕು ತಿಂದ ನೆಗೆಟಿವ್ ಹಾಗೇ, ಪೂರ್ತಿ ಕಪ್ಪು. ಮುಂದಿನದೂ ಕಪ್ಪು. ಅದರ ಮುಂದಿನದೂ. ದಿಬ್ಬಗಳೆಲ್ಲ ಹೋಗಿದ್ದವು. ಅವನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಆದರೆ ಅವನು ಒಂದೊಂದೇ ಗೇಣು ಮೇಲೆಳೆದಂತೆ ಕಪ್ಪು ಅಂಚಿಗೆ ಸರಿಯತೊಡಗಿತು. ನಡುವೆ ಬೂದು. ಆಮೇಲೆ ಅಂಚಿನ ತೂತುಗಳ ಪಕ್ಕದಲ್ಲಷ್ಟೇ ಸಣ್ಣ ಸಣ್ಣ ಕಲೆ. ಲೈಸೆನ್ಸಿನವನು ಬಂದ, ಕಾಲೇಜು ಹುಡುಗರು ಬಂದರು, ಖಾಲಿ ಸ್ಟೂಲು ಬಂತು.

ಕೊನೆಗೆ ಅಮ್ಮಿ. ಬಿಳಿ ದುಪಟ್ಟಾ ಕಪ್ಪಾಗಿ, ಮುಖ ಕಪ್ಪಾಗಿ, ಕಣ್ಣು ಮಾತ್ರ ಬೆಳ್ಳಗೆ. ಎಲ್ಲೂ ಬೆಳಕು ತಾಗಿರಲಿಲ್ಲ.

ಉರುಳೆಗೆ ಮೊದಲು ಸುತ್ತಿಕೊಂಡದ್ದು ಅಮ್ಮಿಯ ಫ್ರೇಮು, ಆದ್ದರಿಂದ ಎಲ್ಲಕ್ಕಿಂತ ಒಳಗೆ ಇದ್ದರು. ಅವರ ಮೇಲೆ ಹುಡುಗರು, ಅವರ ಮೇಲೆ ಸುತ್ತು ಸುತ್ತಾಗಿ ನಮ್ಮ ಮರಳು. ಬಾಗಿಲು ತೆರೆದಾಗ ನುಗ್ಗಿದ ಬೆಳಕನ್ನೆಲ್ಲ ಹೊರಗಿನ ಸುತ್ತುಗಳೇ ಕುಡಿದಿದ್ದವು. ಇದು ಅವನಿಗೆ ಗೊತ್ತಿರಬೇಕಾದ ವಿಷಯವೇ. ಹೆದರಿಕೆಯಲ್ಲಿ ಇಬ್ಬರಿಗೂ ಹೊಳೆದಿರಲಿಲ್ಲ.

"ಬಂತು ಕಣ್ಲೇ" ಎಂದ. ಒದ್ದೆ ಫಿಲ್ಮು ಹಿಡಿದುಕೊಂಡೇ ನೆಲದ ಮೇಲೆ ಕೂತ. ನಿನ್ನ ಮರಳು ಹೋಯ್ತಲ್ಲಲೇ ಎಂದು ಆಮೇಲೆ ನೆನಪಾಗಿ ಹೇಳಿದ. ಹೋಗಲಿ ಬಿಡು ಎಂದೆ. ಅದು ದೊಡ್ಡ ಮನಸ್ಸಿನ ಮಾತಾಗಿರಲಿಲ್ಲ. ಆ ಹೊತ್ತಿಗೆ ನನಗೆ ಸಿಕ್ಕಾಪಟ್ಟೆ ಹಸಿವಾಗಿತ್ತು, ಇಡೀ ಮೈ ಹಗುರಾಗಿತ್ತು, ದಿಬ್ಬಗಳು ಎಲ್ಲಿದ್ದವು ಎನ್ನುವುದೂ ತಲೆಯಲ್ಲಿರಲಿಲ್ಲ. ನೆಹರೂ ಸರ್ಕಲ್ ಬಳಿ ಪೆಟ್ರೋಮ್ಯಾಕ್ಸ್ ದೀಪದ ತಳ್ಳುಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ಬಾಯಲ್ಲಿ ಇನ್ನೂ ಮರಳಿತ್ತು. ಮಂಡಕ್ಕಿಯಲ್ಲಿ ಕಲ್ಲೈತೆ ಎಂದು ಗೆಳೆಯ ಗಾಡಿಯವನ ಜೊತೆ ಖುಷಿಗೆ ಜಗಳ ತೆಗೆದ.

ಮರುದಿನ ಪ್ರಿಂಟು ಹಾಕಿ ಮೊಳಕಾಲ್ಮೂರಿಗೆ ಒಯ್ದೆವು. ಅಮ್ಮಿಗೆ ತೋರಿಸಿಯೇ ಮಾಮುವಿನ ಕೈಗೆ ಕೊಡಬೇಕೆಂದು ಅವನ ಹಟ. ಅಮ್ಮಿ ಜಗುಲಿಯಲ್ಲಿ ಮೊಮ್ಮಗಳ ತಲೆ ಬಾಚುತ್ತಿದ್ದರು. ಫೋಟೋದ ಮೂಲೆಯಲ್ಲಿ ಒಂದು ಸಣ್ಣ ಗೀರು ಉಳಿದಿತ್ತು. ಇದೇನು ಎಂದು ಅಮ್ಮಿ ಕೇಳಿದರು, ಮರಳು ಅಮ್ಮಿ ಎಂದ ಇವನು, ಅಲ್ಲೂ ಎಲ್ಲಾ ಮರಳೇ ಅಲ್ವಾ ಎಂದು ಅಮ್ಮಿ ಆ ಗೀರನ್ನು ಬೆರಳಿನಿಂದ ಸವರಿದರು. ಇದನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಕೇಳಿದವರು ತಲೆದೂಗಿದ್ದಾರೆ. ಒಮ್ಮೆ ಗೆಳೆಯನ ಎದುರಿಗೇ ಹೇಳಿದೆ. ಅವನು ನನ್ನನ್ನು ಬಿಟ್ಟಗಣ್ಣಿಂದ ನೋಡಿ, ಅಮ್ಮಿ ಹಂಗೆಲ್ಲಿ ಅಂದ್ರು, ಮೂಗು ದಪ್ಪ ಬಂದೈತೆ ಅಂದ್ರು ಎಂದ.

ಅವನ ಮಾತೇ ನಿಜ. ಅವನು ಹೇಳಿದ ಕೂಡಲೇ ಆ ದನಿ ಕಿವಿಗೆ ಬಂತು. ಮೂಗು ದಪ್ಪ ಬಂದೈತೆ ಎಂದು, ಬಾಚಣಿಗೆಯನ್ನು ಮೊಮ್ಮಗಳ ತಲೆಯಲ್ಲೇ ಸಿಕ್ಕಿಸಿ, ಮತ್ತೊಮ್ಮೆ ನೋಡಿ, "ಬಂದೈತೆ ಅಂದ್ರೆ ಬಂದೈತೆ" ಎಂದು ಎದ್ದು ಒಳಗೆ ಹೋಗಿದ್ದರು. ಚಹಾ ಇಡಲು. ದಿಬ್ಬದ ವಿಷಯ ಅವರಿಗೆ ಯಾರೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಅರ್ಜಿ ಹೋಯಿತು, ಹೆಸರು ಬಂತು. ಅಮ್ಮಿ ಹೊರಟ ದಿನದ ಒಂದು ಫೋಟೋ ಅವರ ಮನೆಯಲ್ಲಿದೆ. ಬಸ್ ನಿಲ್ದಾಣದ ಮುಂದೆ ಬಾಡಿಗೆ ವ್ಯಾನು, ಕೊರಳ ತುಂಬ ಹಾರ ಹಾಕಿಕೊಂಡ ಮಾಮು, ಕೈ ಎತ್ತಿದ ನೆಂಟರು, ಅಳುತ್ತಿರುವ ಮಗಳು. ವ್ಯಾನಿನ ಕಿಟಕಿಯಲ್ಲಿ ಬರೀ ಬಿಳಿ ಬಟ್ಟೆ. ಕ್ಯಾಮೆರಾ ಎತ್ತಿದ್ದನ್ನು ಕಂಡು ಅಮ್ಮಿ ದುಪಟ್ಟಾ ಮುಖದ ಮೇಲೆ ಎಳೆದುಕೊಂಡಿದ್ದರು. ಒಂದು ಬಂತಲ್ಲ, ಸಾಕು ಎಂದರು. ಆ ಮಾತು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಆವತ್ತು ಮಂಡಿಯಲ್ಲಿ ಕೆಲಸವಿತ್ತು, ನಾನು ಅಲ್ಲಿಗೆ ಹೋಗಿದ್ದೆನೇ ಎಂಬ ಅನುಮಾನ ಈಚೆಗೆ ಹತ್ತಿಕೊಂಡಿತ್ತು. ಮನೆಯವರು ಹೇಳಿದ್ದನ್ನೇ ಕೇಳಿ ಕಂಡಂತೆ ಇಟ್ಟುಕೊಂಡಿರಬಹುದಲ್ಲ.

ಇದನ್ನು ಬರೆಯುವ ಮುಂಚೆ ಹೋಗಿ ಆ ಫೋಟೋ ಮತ್ತೆ ನೋಡಿ ಬಂದೆ. ಗೆಳೆಯ ಫೋಟೋದಲ್ಲಿದ್ದಾನೆ. ವ್ಯಾನಿನ ಬಾಗಿಲು ಹಿಡಿದು, ಈಚೆ ನೋಡುತ್ತ, ಏನೋ ಕೂಗಿ ಹೇಳುತ್ತಿದ್ದಾನೆ. ನಾನು ಎಲ್ಲೂ ಇಲ್ಲ. ಅವನ ಕ್ಯಾಮೆರಾವನ್ನು ಅವನು ನನ್ನ ಬಿಟ್ಟು ಇನ್ಯಾರ ಕೈಗೂ ಕೊಡುತ್ತಿರಲಿಲ್ಲ. ಬಾಗಿಲ ಕೊಂಡಿ ಹಗರಿಗೆ ಹೋದ ದಿನದಿಂದ ಸರಿಯಾಗಿ ಕಚ್ಚದೆ, ಸೈಕಲ್ ಟ್ಯೂಬಿನ ರಬ್ಬರು ಹಾಕಿ ಬಿಗಿದಿದ್ದ ಕ್ಯಾಮೆರಾ ಅದು. ಹಾಗಾದರೆ ಅದನ್ನು ಹಿಡಿದು ನಿಂತಿದ್ದವನು ನಾನೇ. ಅವನು ಕೂಗುತ್ತಿರುವುದೂ ನನಗೇ: ಹೆಬ್ಬೆರಳು ಒತ್ತಿ ಹಿಡ್ಕೊಳ್ಳೋ.